ನೂರ ನಲವತ್ತೊಂಬತ್ತು ಬುರುಡೆಗಳು

ಇರಾವತಿ ಕರ್ವೆ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ‘ಯುಗಾಂತ’. ಕುಂತಿ, ಗಾಂಧಾರಿ, ದ್ರೌಪದಿಯರನ್ನು ಪುರಾಣದ ಪೀಠದಿಂದ ಕೆಳಗಿಳಿಸಿ, ನಮ್ಮ ನಿಮ್ಮಂಥ ಹೆಂಗಸರಂತೆ ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದ ಮರಾಠಿ ಪುಸ್ತಕ ಅದು. 1968ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಅದಕ್ಕೂ ಸುಮಾರು ನಾಲ್ಕು ದಶಕ ಮೊದಲು, ಬರ್ಲಿನ್‌ನಲ್ಲಿ ಓದು ಮುಗಿಸಿ ಊರಿಗೆ ಹೊರಡುವ ಹೊತ್ತಿನಲ್ಲಿ, ಆಕೆ ಜರ್ಮನ್ ಭಾಷೆಯಲ್ಲಿ ಬರೆದ ಇನ್ನೊಂದು ಪ್ರಬಂಧವಿದೆ. ಅದರಲ್ಲಿ ಕಥೆಯಿಲ್ಲ, ಪಾತ್ರಗಳಿಲ್ಲ. ಅಂಕಿಗಳ ಕೋಷ್ಟಕಗಳಿವೆ, ಅಷ್ಟೆ. ನನಗೆ ಮಾತ್ರ ‘ಯುಗಾಂತ’ದ ಇರಾವತಿ ಆ ಅಂಕಿಗಳ ನಡುವೆಯೇ ಹುಟ್ಟಿದರು ಎನಿಸುತ್ತದೆ.

ಇರಾವತಿ ಹುಟ್ಟಿದ್ದು 1905ರಲ್ಲಿ, ಬರ್ಮಾದಲ್ಲಿ. ಅಲ್ಲಿನ ಐರಾವತಿ ನದಿಯ ಹೆಸರನ್ನೇ ಮಗುವಿಗಿಟ್ಟರು. ಓದು ಪುಣೆಯಲ್ಲಿ. ಬೆಳೆದದ್ದು ರ್‍ಯಾಂಗ್ಲರ್ ಪರಾಂಜಪೆಯವರ ಮನೆಯಲ್ಲಿ. ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಕೈಕೆಳಗೆ ಸಮಾಜಶಾಸ್ತ್ರ ಕಲಿತರು. ಮದುವೆಯಾದದ್ದು ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮಗ ದಿನಕರರನ್ನು. ಮಾವ ಸಾಮಾನ್ಯರಲ್ಲ. 1893ರಲ್ಲಿಯೇ ವಿಧವೆಯನ್ನು ಮದುವೆಯಾಗಿ ಬಹಿಷ್ಕಾರ ಉಂಡವರು, 1916ರಲ್ಲಿ ಹೆಂಗಸರಿಗೆಂದೇ ವಿಶ್ವವಿದ್ಯಾನಿಲಯ ಕಟ್ಟಿದವರು. ಅಂಥ ಮಾವನಿಗೂ ಸೊಸೆ ಜರ್ಮನಿಗೆ ಹೋಗುವುದು ಒಪ್ಪಿಗೆಯಾಗಲಿಲ್ಲ! ಊರಿನ ಹೆಣ್ಣುಮಕ್ಕಳನ್ನೆಲ್ಲ ಓದಿಸಿದವರ ಮನೆಯಲ್ಲೂ ಸೊಸೆಯ ಸೂಟ್‌ಕೇಸು ಹೊಸ್ತಿಲ ಬಳಿ ಒಂದು ಗಳಿಗೆ ನಿಲ್ಲಬೇಕಾಯಿತು. ಗಂಡ ದಿನಕರ ತಾವೇ ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿ ಬಂದವರು, ಪಟ್ಟು ಬಿಡಲಿಲ್ಲ. ಜೀವರಾಜ ಮೆಹ್ತಾ ಅವರಿಂದ ಸಾಲ ತಂದರು. 1960ರಲ್ಲಿ ಗುಜರಾತಿನ ಮೊದಲ ಮುಖ್ಯಮಂತ್ರಿಯಾದರಲ್ಲ, ಅವರೇ. ಹೀಗೆ 1920ರ ದಶಕದ ಕೊನೆಯಲ್ಲಿ ಇರಾವತಿ ಬರ್ಲಿನ್ ಸೇರಿದರು.

ಆಕೆ ಸೇರಿದ ಸಂಸ್ಥೆ ನಗರದ ಡಾಲೆಮ್ ಭಾಗದಲ್ಲಿತ್ತು. ಕೈಸರ್ ವಿಲ್ಹೆಲ್ಮ್ ಹೆಸರಿನ ಆ ಮಾನವಶಾಸ್ತ್ರ ಸಂಸ್ಥೆ ಶುರುವಾದದ್ದು 1927ರಲ್ಲಿ. ಮನುಷ್ಯರ ಅನುವಂಶೀಯತೆ ಮತ್ತು ‘ಸುಸಂತಾನ’ದ ಅಧ್ಯಯನ ಅದರ ಕೆಲಸ. ನಿರ್ದೇಶಕ ಆಯ್ಗೆನ್ ಫಿಷರ್ ಆ ಕಾಲಕ್ಕೆ ದೊಡ್ಡ ಹೆಸರು. 1908ರಲ್ಲಿ ಆಫ್ರಿಕಾದ ನೈಋತ್ಯದಲ್ಲಿದ್ದ ಜರ್ಮನ್ ವಸಾಹತಿಗೆ ಹೋಗಿ, ಬಿಳಿಯ ತಂದೆ ಮತ್ತು ಕರಿಯ ತಾಯಂದಿರ ಸಂತಾನವನ್ನು ಅಳೆದು ಬಂದವನು. ಆ ನೆಲದಲ್ಲಿ ಹೆರೆರೊ ಮತ್ತು ನಾಮಾ ಜನರ ಮಾರಣಹೋಮವನ್ನು ಜರ್ಮನ್ ಸೈನ್ಯ ಆಗಷ್ಟೇ ಮುಗಿಸಿತ್ತು.

ಇರಾವತಿಗೆ ಫಿಷರ್ ಕೊಟ್ಟ ವಿಷಯ, ತಲೆಬುರುಡೆಯ ಅಸಮತೆ. ನಮ್ಮ ಯಾರ ತಲೆಯೂ ಎರಡೂ ಬದಿಗೆ ಒಂದೇ ಸಮನಾಗಿಲ್ಲ. ಬಲಕ್ಕೂ ಎಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಯುರೋಪಿನ ಬಿಳಿಯರಲ್ಲಿ ಈ ವ್ಯತ್ಯಾಸ ಹೆಚ್ಚು ಎಂದು ಫಿಷರ್ ಊಹಿಸಿದ್ದ. ಅವರ ಮಿದುಳಿನ ಮುಂಭಾಗ ಬಲಗಡೆಗೆ ಹೆಚ್ಚು ಬೆಳೆದಿದೆ, ಅದಕ್ಕೆ ಜಾಗ ಮಾಡಿಕೊಡಲೆಂದೇ ಬುರುಡೆ ಒಂದು ಬದಿಗೆ ಉಬ್ಬಿದೆ, ಆದ್ದರಿಂದಲೇ ಅವರು ಹೆಚ್ಚು ವಿವೇಕಿಗಳು, ಇದು ತರ್ಕ. ಸಿದ್ಧಾಂತ ಮೊದಲೇ ತಯಾರಾಗಿತ್ತು. ಬೇಕಿದ್ದದ್ದು ಅದನ್ನು ತುಂಬಿಸುವ ಅಂಕಿಗಳು ಮಾತ್ರ.

ಇರಾವತಿ 149 ಬುರುಡೆಗಳನ್ನು ಅಳೆದರು. ಯುರೋಪಿಯನ್ನರವೂ ಇದ್ದವು, ಯುರೋಪಿನ ಹೊರಗಿನವರವೂ ಇದ್ದವು. ಒಂದೊಂದನ್ನೂ ಕೈಗೆತ್ತಿಕೊಂಡು, ಬಲಭಾಗ ಎಡಭಾಗಗಳನ್ನು ಬೇರೆ ಬೇರೆ ಅಳೆದು, ಬರೆದು, ಹೋಲಿಸಬೇಕು. ನಮ್ಮ ಮನೆಗಳಲ್ಲಿ ಸಾವಿನ ಮನೆಗೆ ಹೋಗಿಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬರುವಂತಿಲ್ಲ. ಚಿತ್ಪಾವನ ಬ್ರಾಹ್ಮಣರ ಮನೆಯ ಸೊಸೆ ದಿನವಿಡೀ ಹೆಸರಿಲ್ಲದ ಸತ್ತವರ ತಲೆಗಳ ನಡುವೆ ಕೂತಿದ್ದರು. ಬರ್ಲಿನ್‌ನ ಇಂಥ ಸಂಗ್ರಹಗಳಿಗೆ ಬುರುಡೆಗಳು ವಸಾಹತುಗಳಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದಿದ್ದವು, ಕೊಟ್ಟವರು ಮನಸಾರೆ ಕೊಟ್ಟದ್ದಲ್ಲ.

ಲೆಕ್ಕ ಕೂಡಿಸಿ ನೋಡಿದರೆ ಗುರುವಿನ ಮಾತು ನಿಲ್ಲಲಿಲ್ಲ. ಅಸಮತೆ ಎಲ್ಲರಲ್ಲೂ ಇತ್ತು. ಅದಕ್ಕೂ ಜನಾಂಗಕ್ಕೂ ಸಂಬಂಧವೇ ಕಾಣಲಿಲ್ಲ.

ಹೊರದೇಶದಲ್ಲಿ ಓದುವವರ ಕೊನೆಯ ವಾರಗಳು ಹೇಗಿರುತ್ತವೆ ಎಂಬುದನ್ನು ಯೋಚಿಸಿ. ಮನಸ್ಸು ಆಗಲೇ ಊರು ಸೇರಿರುತ್ತದೆ. ಕೈಯಲ್ಲಿ ಕಾಸು ಕರಗಿರುತ್ತದೆ. ಸಾಲ ಕೊಟ್ಟವರು, ದಾರಿ ಕಾಯುವ ಗಂಡ, ಮೊದಲೇ ‘ಯಾಕೆ ಬೇಕಿತ್ತು’ ಎಂದ ಹಿರಿಯರು, ಎಲ್ಲರೂ ಕಣ್ಣ ಮುಂದೆ. ನಡುವೆ ಉಳಿದಿರುವುದು ಒಂದೇ ಒಂದು ಸಹಿ, ಗುರುವಿನದು. ಅವನಿಗೆ ಇಷ್ಟವಾಗುವಂತೆ ಬರೆಯಲು ಸುಳ್ಳು ಅಂಕಿಯೇ ಬೇಕಿರಲಿಲ್ಲ. ‘ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ’ ಎಂದು ಮೆತ್ತಗೆ ತೇಲಿಸಿಬಿಟ್ಟರೂ ಸಾಕಿತ್ತು. ವಿದ್ವಾಂಸರು ಈ ಉಪಾಯವನ್ನು ಇಂದಿಗೂ ಬಲ್ಲರು. ಇಪ್ಪತ್ತನಾಲ್ಕು ವರ್ಷದ ಇರಾವತಿ ಕಂಡದ್ದನ್ನು ಕಂಡಂತೆ ಬರೆದರು. ಫಿಷರ್ ಅತ್ಯಂತ ಕೆಳಗಿನ ದರ್ಜೆ ಕೊಟ್ಟ. ಆದರೆ ಅನುತ್ತೀರ್ಣ ಎನ್ನಲಾಗಲಿಲ್ಲ. ಡಾಕ್ಟರೇಟ್ ಬಂತು. 1931ರಲ್ಲಿ ಪ್ರಬಂಧ ಅಚ್ಚಾಯಿತು. ಶೀರ್ಷಿಕೆಯಲ್ಲಿಯೇ ‘ಸಹಜ ಅಸಮತೆ’ ಎಂಬ ಮಾತಿದೆ. ಆ ‘ಸಹಜ’ ಎಂಬ ಒಂದು ಪದಕ್ಕೆ ಎಷ್ಟು ಧೈರ್ಯ ಬೇಕಿತ್ತು!

ಅವರು ಪುಣೆಗೆ ಮರಳಿದ್ದು 1930ರಲ್ಲಿ. ಅದೇ ವರ್ಷದ ಸೆಪ್ಟೆಂಬರ್ ಚುನಾವಣೆಯಲ್ಲಿ ಜರ್ಮನ್ ಸಂಸತ್ತಿನ ನಾತ್ಸಿ ಸ್ಥಾನಗಳು 12ರಿಂದ 107ಕ್ಕೆ ಏರಿದವು. 1933ರಲ್ಲಿ ಹಿಟ್ಲರ್ ಬಂದ, ಫಿಷರ್ ಬರ್ಲಿನ್ ವಿಶ್ವವಿದ್ಯಾನಿಲಯದ ರೆಕ್ಟರ್ ಆದ. 1937ರಲ್ಲಿ ರೈನ್ ಪ್ರಾಂತದ ಮಿಶ್ರವರ್ಣದ ಮಕ್ಕಳಿಗೆ ಗುಟ್ಟಾಗಿ ಸಂತಾನಹರಣ ಮಾಡಿದಾಗ, ಅವರನ್ನು ‘ಪರೀಕ್ಷಿಸಿ’ ಕೊಟ್ಟವರಲ್ಲಿ ಈ ಸಂಸ್ಥೆಯ ಪಂಡಿತರೂ ಇದ್ದರು. ಆಮೇಲೆ ಅದೇ ಕಟ್ಟಡಕ್ಕೆ ಆಶ್‌ವಿಟ್ಜ್‌ನಿಂದ ಮೆಂಗೆಲೆ ಮನುಷ್ಯರ ದೇಹದ ಭಾಗಗಳನ್ನು ಕಳಿಸುತ್ತಿದ್ದ.

ಹಾಗೆಂದು ಇರಾವತಿಯವರನ್ನು ನಾವು ಇನ್ನೊಂದು ಪೀಠಕ್ಕೆ ಏರಿಸುವುದು ಬೇಡ. ಬರ್ಲಿನ್‌ನ ಅಳತೆಗೋಲನ್ನು ಅವರು ಅಲ್ಲಿಯೇ ಬಿಟ್ಟು ಬರಲಿಲ್ಲ. ಮುಂದೆ ಡೆಕ್ಕನ್ ಕಾಲೇಜಿನಲ್ಲಿದ್ದುಕೊಂಡು ಮಹಾರಾಷ್ಟ್ರದ ಹಳ್ಳಿಹಳ್ಳಿ ತಿರುಗಿ ಜಾತಿಜಾತಿಯ ಜನರ ತಲೆ ಮೂಗುಗಳನ್ನು ಅಳೆದರು. ಅದನ್ನು ಓದುವಾಗ ನನಗೆ ಇರುಸುಮುರುಸಾಗುತ್ತದೆ. ಗುರುವಿನ ತೀರ್ಮಾನವನ್ನು ಒಪ್ಪದವರು ಗುರುವಿನ ವಿಧಾನವನ್ನು ಯಾಕೆ ಬಿಡಲಿಲ್ಲ? ಕಲಿತ ವಿದ್ಯೆ ಅಷ್ಟು ಸುಲಭವಾಗಿ ಕೈಬಿಡುವುದಿಲ್ಲವೇನೋ. ನನಗೆ ಹೆಚ್ಚು ಪ್ರಿಯವಾದದ್ದು 1953ರಲ್ಲಿ ಬಂದ ಅವರ ಬಂಧುತ್ವದ ಪುಸ್ತಕ. ಅಲ್ಲಿ ಉತ್ತರದ ಸೊಸೆ ಅಪರಿಚಿತರ ಮನೆಗೆ ಮುಸುಕು ಹಾಕಿಕೊಂಡು ಹೋಗುವುದನ್ನೂ, ನಮ್ಮ ಕಡೆ ಅಕ್ಕನ ಮಗಳನ್ನೇ ತಂದುಕೊಳ್ಳುವುದರಿಂದ ಗಂಡನ ಮನೆಯೂ ಅಜ್ಜಿಯ ಮನೆಯೇ ಆಗುವುದನ್ನೂ ಎದುರುಬದುರು ಇಟ್ಟು ತೋರಿಸಿದ್ದಾರೆ. ಬುರುಡೆ ಹೇಳದಿದ್ದುದನ್ನು ಹೆಂಗಸರ ಬಾಯಿಂದ ಕೇಳಿ ಬರೆದದ್ದು ಅದು.

ಡಾಲೆಮ್‌ನ ಕಟ್ಟಡ ಈಗ ಬರ್ಲಿನ್ ಫ್ರೀ ಯೂನಿವರ್ಸಿಟಿಯದು. 2014ರಲ್ಲಿ ಅದರ ಹತ್ತಿರ ನೆಲ ಅಗೆಯುವಾಗ ಮನುಷ್ಯರ ಮೂಳೆಗಳು ಸಿಕ್ಕವು. ಮುಂದೆ ಹುಡುಕಿದಂತೆ ಸಾವಿರಾರು ಚೂರುಗಳು. ಯಾರವು ಎಂದು ಒಬ್ಬೊಬ್ಬರನ್ನಾಗಿ ಗುರುತಿಸುವುದಕ್ಕೆ ಅವುಗಳನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕಿತ್ತು. ಆ ಕೆಲಸ ಬೇಡವೆಂದು, ಯಾವ ಜನಾಂಗದವರೆಂದು ವಿಂಗಡಿಸದೆ, 2023ರ ಮಾರ್ಚ್‌ನಲ್ಲಿ ಅವನ್ನೆಲ್ಲ ಡಾಲೆಮ್‌ನ ಸ್ಮಶಾನದಲ್ಲಿ ಒಟ್ಟಿಗೇ ಮಣ್ಣು ಮಾಡಿದರು.