ಪಟ್ಟಿಗಳ ಜಗಳ: ಪುಟ್ಟ ಗಣಕಯಂತ್ರಗಳ ಹಿಂದಿನ ಒಂದು ಚರಿತ್ರೆ

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಮಕ್ಕಳು ಈಗ ಬೇಕಾದಷ್ಟು ಮಂದಿ. ಅವರಲ್ಲಿ ಕೆಲವರ ಕೆಲಸ ಮೇಜಿನ ಮೇಲಿನ ಗಣಕಯಂತ್ರದ್ದಲ್ಲ. ವೈ-ಫೈ ಪೆಟ್ಟಿಗೆ, ಟಿ.ವಿ., ವಿದ್ಯುತ್ ಮೀಟರು, ಮೋಟಾರು ಕಾರು ಇವುಗಳ ಒಡಲಲ್ಲಿ ಅಡಗಿ ಕುಳಿತ ಪುಟ್ಟ ಗಣಕಯಂತ್ರಗಳದ್ದು. ಇವಕ್ಕೆ 'ಎಂಬೆಡೆಡ್' ಯಂತ್ರಗಳೆಂದೂ, ಇವುಗಳಲ್ಲಿ ತುಂಬಿಸುವ ಪ್ರೋಗ್ರಾಮಿಗೆ 'ಫರ್ಮ್‌ವೇರ್' ಎಂದೂ ಹೆಸರು. "ಕಾನ್ಫಿಗ್ ಹೊಂದುತ್ತಿಲ್ಲ, ಊಟಕ್ಕೆ ಕಾಯಬೇಡಿ" ಎಂದು ಅವರು ಫೋನು ಮಾಡಿದಾಗ ಹಿರಿಯರಿಗೆ ಅರ್ಥವಾಗುವುದು ಎರಡನೆಯ ಭಾಗ ಮಾತ್ರ. ಮೊದಲನೆಯ ಭಾಗಕ್ಕೂ ಒಂದು ಚರಿತ್ರೆಯಿದೆ. ಯಂತ್ರಗಳ ಚರಿತ್ರೆ ಎನ್ನುವುದಕ್ಕಿಂತ, ಅನೇಕರು ಕೂಡಿ ಒಂದೇ ಪಟ್ಟಿ ಬರೆಯಹೊರಟಾಗ ಏನಾಗುತ್ತದೆ ಎಂಬುದರ ಚರಿತ್ರೆ ಅದು.

'ಫರ್ಮ್‌ವೇರ್' ಎಂಬ ಮಾತನ್ನು ಬಳಕೆಗೆ ತಂದವರು ಅಮೆರಿಕದ ಆಶರ್ ಆಪ್ಲರ್. ೧೯೬೭ರಲ್ಲಿ 'ಡೇಟಾಮೇಷನ್' ಪತ್ರಿಕೆಯ ಲೇಖನವೊಂದರಲ್ಲಿ. ಪುಟ್ಟ ಯಂತ್ರದ ನೆನಪಿನ ಶಕ್ತಿ ಪುಟ್ಟದು. ಅದರಲ್ಲಿ ಎಲ್ಲವನ್ನೂ ತುಂಬಲಾಗದು. ಆದ್ದರಿಂದ ದೊಡ್ಡದೊಂದು ಪ್ರೋಗ್ರಾಂ ಭಂಡಾರದಿಂದ ಈ ಯಂತ್ರಕ್ಕೆ ಬೇಕಾದುದನ್ನಷ್ಟೇ ಆರಿಸಿ, ಇನ್ನೊಂದು ದೊಡ್ಡ ಗಣಕಯಂತ್ರದ ಮೇಲೆ ಕಟ್ಟಿ, ಇದರೊಳಗೆ ಇಳಿಸಬೇಕು. ಏನು ಬೇಕು, ಏನು ಬೇಡ ಎಂದು ಬರೆದಿಡುವ ಪಟ್ಟಿಯೇ ಕಾನ್ಫಿಗರೇಷನ್ ಫೈಲು. ನಾವು ಇದನ್ನು ಆಯ್ಕೆಪಟ್ಟಿ ಎನ್ನೋಣ.

ಮದುವೆಮನೆಯ ಅಡಿಗೆಭಟ್ಟರ ಪಟ್ಟಿಯನ್ನು ನೆನಪಿಗೆ ತಂದುಕೊಂಡರೆ ವಿಷಯ ಸುಲಭವಾಗುತ್ತದೆ. ಹೋಳಿಗೆ ಆಗಬೇಕಾದರೆ ಬೇಳೆ, ಬೆಲ್ಲ ಉಗ್ರಾಣದಲ್ಲಿರಬೇಕು. ಹೆಣ್ಣಿನ ಕಡೆಯವರು ಒಂದು ಪಟ್ಟಿ, ಗಂಡಿನ ಕಡೆಯವರು ಇನ್ನೊಂದು ಪಟ್ಟಿ ಕೊಟ್ಟು, ಒಂದರಲ್ಲಿ ಹೋಳಿಗೆ ಎಂದೂ ಇನ್ನೊಂದರಲ್ಲಿ ಬೆಲ್ಲ ಬೇಡವೆಂದೂ ಇದ್ದರೆ ಭಟ್ಟರ ಗತಿಯೇನು? ಎಂಜಿನಿಯರರ ಗತಿಯೂ ಅದೇ.

ಮೊದಲ ದಿನಗಳು

ಯಾವ ಫೈಲು ಯಾವುದನ್ನು ಅವಲಂಬಿಸಿದೆ ಎಂದು ಬರೆದಿಟ್ಟು, ಬದಲಾದುದನ್ನಷ್ಟೇ ಮತ್ತೆ ಕಟ್ಟುವ 'ಮೇಕ್' ಎಂಬ ಸಾಧನವನ್ನು ೧೯೭೬ರಲ್ಲಿ ಬೆಲ್ ಪ್ರಯೋಗಾಲಯದ ಸ್ಟೂವರ್ಟ್ ಫೆಲ್ಡ್‌ಮನ್ ರಚಿಸಿದರು. ಅದರಲ್ಲಿ ಕೆಲವು ಸಾಲುಗಳು 'ಟ್ಯಾಬ್' ಕೀಲಿಯಿಂದಲೇ ಆರಂಭವಾಗಬೇಕು. ಖಾಲಿ ಜಾಗ ಬಿಟ್ಟರೆ ನಡೆಯದು. ಇದು ತೊಡಕೆಂದು ಅವರಿಗೆ ಬೇಗನೆ ತಿಳಿಯಿತಾದರೂ, ಅಷ್ಟರಲ್ಲಿ ಡಜನ್ನಿನಷ್ಟು ಮಂದಿ ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆ ಕೊಡಬಾರದೆಂದು ಹಾಗೆಯೇ ಬಿಟ್ಟರು. ಲಕ್ಷಾಂತರ ಮಂದಿ ಇಂದಿಗೂ ಆ ಟ್ಯಾಬನ್ನು ಒತ್ತುತ್ತಿದ್ದಾರೆ. ಒಮ್ಮೆ ಬಿದ್ದ ರೂಢಿ ಎಷ್ಟು ಗಟ್ಟಿಯೆಂಬುದಕ್ಕೆ ಇದೊಂದು ಸಾಕ್ಷಿ.

೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 'ಲಿನಕ್ಸ್' ಎಂಬ ಕಾರ್ಯವ್ಯವಸ್ಥೆಯ ತಿರುಳನ್ನು ಬರೆದರು. ಆ ವರ್ಷದ ಕೊನೆಯ ಆವೃತ್ತಿಯಲ್ಲಿ ಆಯ್ಕೆಪಟ್ಟಿಯೆಂದರೆ ಒಂದು ಪುಟ್ಟ ಫೈಲು ಮಾತ್ರ. ಅದರಲ್ಲಿದ್ದ ಒಂದು ಪ್ರಶ್ನೆ: ನಿಮ್ಮ ಕೀಲಿಮಣೆ ಯಾವ ದೇಶದ್ದು? ಬರೆದವರು ಫಿನ್ಲೆಂಡಿನವರಾದ್ದರಿಂದ ಫಿನ್ನಿಷ್ ಕೀಲಿಮಣೆಯೇ ಮೊದಲೇ ಆಯ್ಕೆಯಾಗಿರುತ್ತಿತ್ತು. ಅಮೆರಿಕದವನು ತನ್ನದು ಬೇಕೆಂದರೆ ಫೈಲನ್ನು ತಾನೇ ತಿದ್ದಿಕೊಳ್ಳಬೇಕು. ಮನೆಯ ಯಜಮಾನನ ಊಟವೇ ಅತಿಥಿಗೂ ಎಂಬ ಕಾಲವದು.

ಲಿನಕ್ಸ್ ಬೆಳೆದಂತೆ ಪ್ರಶ್ನೆಗಳು ನೂರಾರಾದವು. ಸಾಲಾಗಿ ಪ್ರಶ್ನೆ ಕೇಳುವ ಸಾಧನ ಬಂತು. ನಡುವೆ ಒಂದು ಉತ್ತರ ತಪ್ಪಿದರೆ ಮೊದಲಿನಿಂದ ಪಾರಾಯಣ. ಆ ಮೇಲೆ ಪರದೆಯ ಮೇಲೆ ಆರಿಸಿಕೊಳ್ಳುವ ಎರಡು ಸಾಧನಗಳು ಬಂದವು. ತಮಾಷೆಯೆಂದರೆ, ಮೂರೂ ಒಂದೇ ನಿಯಮಗಳನ್ನು ಓದಿದರೂ ಮೂರರ ಅರ್ಥವಿವರಣೆಯಲ್ಲಿ ಅಲ್ಪಸ್ವಲ್ಪ ಭೇದ. ಒಂದರಲ್ಲಿ ಸರಿಯಾದ ಪಟ್ಟಿ ಇನ್ನೊಂದರಲ್ಲಿ ತಪ್ಪಾಗುತ್ತಿತ್ತು.

ಎರಡು ಪ್ರಸ್ತಾಪಗಳು

ಇದನ್ನು ನೇರಗೊಳಿಸಲು ಎರಿಕ್ ರೇಮಂಡ್ ಎಂಬ ಅಮೆರಿಕದ ಪ್ರೋಗ್ರಾಮರ್ ೨೦೦೦ದಿಂದ ಎರಡು ವರ್ಷ ಶ್ರಮಿಸಿ 'ಸಿಎಂಎಲ್-೨' ಎಂಬ ಹೊಸ ವ್ಯವಸ್ಥೆಯನ್ನು ಸಿದ್ಧಪಡಿಸಿದರು. ವಿವಾದ ಎದ್ದಿತು. ಅದು ಪೈಥಾನ್ ಭಾಷೆಯಲ್ಲಿದೆ, ತಿರುಳನ್ನು ಕಟ್ಟಲು ಇನ್ನೊಂದು ಭಾಷೆಯನ್ನೇಕೆ ಕಡ್ಡಾಯ ಮಾಡಬೇಕು ಎಂದರು ಕೆಲವರು. ಹಳೆಯದೆಲ್ಲವನ್ನೂ ಒಂದೇ ಏಟಿಗೆ ಬದಲಿಸಹೊರಟಿದ್ದಾರೆ ಎಂದರು ಇನ್ನು ಕೆಲವರು. ಕೊನೆಗೆ ಅದು ಸೇರಲಿಲ್ಲ. ೨೦೦೨ರ ಅಕ್ಟೋಬರ್ ಕೊನೆಯಲ್ಲಿ ಸೇರಿದ್ದು ರೋಮನ್ ಜಿಪ್ಪೆಲ್ ಅವರ 'ಕೆ-ಕಾನ್ಫಿಗ್'. ಮುಂದೆ ಇದೇ ಪದ್ಧತಿಯನ್ನು ಬಿಜಿಬಾಕ್ಸ್, ಬಿಲ್ಡ್‌ರೂಟ್, ೨೦೧೪ರಿಂದ ಯು-ಬೂಟ್ ಮೊದಲಾದ ಎಂಬೆಡೆಡ್ ಸಾಧನಗಳೂ ಅನುಸರಿಸಿದವು.

ಕೆ-ಕಾನ್ಫಿಗ್‌ನಲ್ಲಿ ಎರಡು ಮಾತುಗಳು ಮುಖ್ಯ. 'ಡಿಪೆಂಡ್ಸ್' ಎಂದರೆ, ಬೇಳೆ ಬೆಲ್ಲ ಇದ್ದರೆ ಮಾತ್ರ ಹೋಳಿಗೆಯ ಮಾತು. 'ಸೆಲೆಕ್ಟ್' ಎಂದರೆ, ಅಳಿಯಂದಿರಿಗೆ ಹೋಳಿಗೆ ಆಗಲೇಬೇಕೆಂಬ ಅಪ್ಪಣೆ. ಉಗ್ರಾಣದಲ್ಲಿ ಬೆಲ್ಲವಿದೆಯೇ ಎಂದು ಅದು ನೋಡುವುದಿಲ್ಲ. ಈ ಎರಡನೆಯದನ್ನು ಎಚ್ಚರದಿಂದ ಬಳಸಬೇಕೆಂದು ಅದರ ಕೈಪಿಡಿಯೇ ಹೇಳುತ್ತದೆ. ಇನ್ನೂ ಸೂಕ್ಷ್ಮವಾದ ತೊಡಕು ಬೇರೆಯಿದೆ. ಅವಲಂಬನೆ ಪೂರೈಸದ ಸಾಲನ್ನು ನೀವೇ ಕೈಯಾರೆ ಪಟ್ಟಿಯಲ್ಲಿ ಬರೆದಿಟ್ಟರೆ, ಕಟ್ಟುವ ಸಾಧನ ಅದನ್ನು ಸದ್ದಿಲ್ಲದೆ ಕಿತ್ತುಹಾಕಿ ಮುಂದೆ ಸಾಗುತ್ತದೆ. ಕಿತ್ತುಹೋದ ಸಾಲು ರಕ್ಷಣೆಗೆ ಸಂಬಂಧಿಸಿದ್ದಾಗಿದ್ದರೆ? ಬಾಗಿಲಿಗೆ ಅಗುಳಿ ಹಾಕಿದೆವೆಂದು ನಂಬಿ ಮಲಗಿದಂತೆ, ಅಗುಳಿಯೇ ಇರುವುದಿಲ್ಲ.

ಬೆಂಗಳೂರಿನ ಸಿಂಪ್ಯೂಟರ್

ಇದೇ ವರ್ಷಗಳಲ್ಲಿ ನಮ್ಮ ನಾಡಿನಲ್ಲೂ ಒಂದು ಪುಟ್ಟ ಯಂತ್ರ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮೊದಲಾದವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯೊಡನೆ ಸೇರಿ ೨೦೦೧ರಲ್ಲಿ 'ಸಿಂಪ್ಯೂಟರ್' ಅನ್ನು ಪ್ರಕಟಪಡಿಸಿದರು. ಅಂಗೈಯಲ್ಲಿ ಹಿಡಿಯುವ ಈ ಯಂತ್ರದಲ್ಲಿ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, ಒಳಗೆ ಲಿನಕ್ಸ್. ಅಕ್ಷರ ಬಾರದವರಿಗೂ ಬಳಕೆಯಾಗಲೆಂದು ಬರಹವನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಓದಿ ಹೇಳುವ ವ್ಯವಸ್ಥೆಯನ್ನೂ ರೂಪಿಸಲಾಗಿತ್ತು. ೨೦೦೪ರಲ್ಲಿ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಸಾಮಾನ್ಯರ ಕೈಯಲ್ಲಿರಬೇಕಾದ ಯಂತ್ರಕ್ಕೆ ಎಲ್ಲರಿಗೂ ಸೇರಿದ ಲಿನಕ್ಸನ್ನೇ ಒಗ್ಗಿಸಬಹುದೆಂದು ಅದು ತೋರಿಸಿಕೊಟ್ಟಿತು.

ಸಿಂಪ್ಯೂಟರಿನ ಸಂಸ್ಕಾರಕ ಸೇರಿದ್ದು 'ಆರ್ಮ್' ಕುಟುಂಬಕ್ಕೆ. ಆ ಕುಟುಂಬವೇ ಮುಂದೆ ಮೊಬೈಲ್ ಫೋನುಗಳ ಮೂಲಕ ಜಗತ್ತನ್ನು ಆವರಿಸಿತು. ನಮ್ಮ ಕಥೆಯ ದೊಡ್ಡ ಜಗಳ ನಡೆದದ್ದೂ ಅದರ ಅಂಗಳದಲ್ಲೇ.

ದೊಡ್ಡ ಜಗಳ

ಆರ್ಮ್ ಯಂತ್ರಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಪ್ರತಿ ತಯಾರಕನೂ ತನ್ನ ಫಲಕಕ್ಕೆ ಬೇರೆ ಪ್ರೋಗ್ರಾಂ ಸಾಲುಗಳನ್ನೂ ಬೇರೆ ಆಯ್ಕೆಪಟ್ಟಿಯನ್ನೂ ಲಿನಕ್ಸಿನ ಭಂಡಾರಕ್ಕೆ ಕಳುಹಿಸುತ್ತಿದ್ದ. ಒಂದೊಂದು ಪಟ್ಟಿಯೂ ಸಾವಿರಕ್ಕೆ ಮೀರಿದ ಸಾಲುಗಳದ್ದು. ಅದರಲ್ಲಿ ಆ ಯಂತ್ರಕ್ಕೇ ವಿಶೇಷವಾದುದು ಹತ್ತಾರು ಸಾಲು, ಮಿಕ್ಕಿದ್ದೆಲ್ಲ ಎಲ್ಲರಿಗೂ ಸಮಾನವಾದುದರ ನಕಲು. ತಿರುಳಿನಲ್ಲಿ ಒಂದು ಹೊಸ ಪ್ರಶ್ನೆ ಸೇರಿದರೆ ನೂರಾರು ಪಟ್ಟಿಗಳು ಹಳತಾಗುತ್ತಿದ್ದವು. ಇಬ್ಬರು ಒಂದೇ ಪಟ್ಟಿಯನ್ನು ಬೇರೆ ಬೇರೆ ತಿದ್ದಿ ಕಳುಹಿಸಿದರೆ ಕೂಡಿಸುವಾಗ ಘರ್ಷಣೆ.

೨೦೧೦ರಲ್ಲಿ ಟೋರ್ವಾಲ್ಡ್ಸ್ ಬೇಸತ್ತು ಈ ಪಟ್ಟಿಗಳನ್ನೇ ಕಿತ್ತೊಗೆಯುವೆನೆಂದರು. ಆಗ ಒಬ್ಬ ಪ್ರೋಗ್ರಾಮರ್ ಸರಳವಾದೊಂದು ಉಪಾಯ ಹೂಡಿದರು: ಪಟ್ಟಿಯಿಂದ ಒಂದೊಂದೇ ಸಾಲು ತೆಗೆದು ನೋಡುವುದು, ಫಲಿತಾಂಶ ಬದಲಾಗದಿದ್ದರೆ ಆ ಸಾಲು ಅನಾವಶ್ಯಕ. ಹೀಗೆ ಸೋಸಿದಾಗ ಲಕ್ಷಕ್ಕೂ ಮೀರಿದ ಸಾಲುಗಳು ಮಾಯವಾದವು. ಯಂತ್ರಗಳು ಮಾತ್ರ ಮೊದಲಿನಂತೆಯೇ ಕಟ್ಟಲ್ಪಟ್ಟವು. ವಿಶೇಷವಾದುದನ್ನಷ್ಟೇ ಉಳಿಸಿಕೊಡುವ ಸಾಧನ ಅದೇ ವರ್ಷ ಲಿನಕ್ಸಿನಲ್ಲೇ ಸೇರಿತು.

ಆದರೂ ತಯಾರಕರ ಪ್ರೋಗ್ರಾಂ ಸಾಲುಗಳ ಗೊಂದಲ ಮುಗಿದಿರಲಿಲ್ಲ. ೨೦೧೧ರ ಮಾರ್ಚಿಯಲ್ಲಿ ಟೋರ್ವಾಲ್ಡ್ಸ್ ಬಹಳ ಖಾರವಾಗಿಯೇ ಬರೆದರು. ಪರಿಹಾರ ಸಿಕ್ಕಿದ್ದು ಹಳೆಯ ಪೆಟ್ಟಿಗೆಯಿಂದ. ಸನ್ ಮತ್ತು ಆಪಲ್ ಗಣಕಯಂತ್ರಗಳಲ್ಲಿ ಬಳಕೆಯಲ್ಲಿದ್ದ, ೧೯೯೪ರಲ್ಲಿ ಪ್ರಮಾಣಿತವಾದ 'ಓಪನ್ ಫರ್ಮ್‌ವೇರ್' ಪದ್ಧತಿಯಲ್ಲಿ, ಯಂತ್ರದಲ್ಲಿ ಏನೇನು ಅಂಗಗಳಿವೆ ಎಂಬ ವಿವರ ಬೇರೆಯೇ ಇರುತ್ತಿತ್ತು. ಅದನ್ನೇ 'ಡಿವೈಸ್ ಟ್ರೀ' ಎಂಬ ಹೆಸರಿನಲ್ಲಿ ಆರ್ಮ್ ಯಂತ್ರಗಳಿಗೂ ಒಗ್ಗಿಸಿದರು. ೨೦೧೨ರ ಡಿಸೆಂಬರಿನ ಲಿನಕ್ಸ್ ೩.೭ರಿಂದ, ಒಂದೇ ಸಲ ಕಟ್ಟಿದ ತಿರುಳು ಬೇರೆ ಬೇರೆ ತಯಾರಕರ ಫಲಕಗಳ ಮೇಲೆ ಓಡಲು ಸಾಧ್ಯವಾಯಿತು.

ಇದರಲ್ಲಿ ಬಳಕೆದಾರನಿಗೇನು? ತನ್ನದೇ ಪ್ರತ್ಯೇಕ ಭಂಡಾರದಲ್ಲಿ, ತನ್ನದೇ ಪಟ್ಟಿಯಿಂದ ಕಟ್ಟಿದ ಪೆಟ್ಟಿಗೆಯನ್ನು ತಯಾರಕ ಕೈಬಿಟ್ಟರೆ, ಹೊಸ ರಕ್ಷಣೆಯ ತಿದ್ದುಪಡಿಗಳನ್ನು ಅದರೊಳಗೆ ತರುವವರಿಲ್ಲ. ಪೆಟ್ಟಿಗೆ ಗಟ್ಟಿಮುಟ್ಟಾಗಿದ್ದರೂ ಕಸಕ್ಕೆ ಹೋಗಬೇಕು. ಸಾರ್ವಜನಿಕ ಭಂಡಾರಕ್ಕೆ ಸೇರಿದ ಪೆಟ್ಟಿಗೆಗೆ ಆಯುಸ್ಸು ಹೆಚ್ಚು. ಲಿಂಕ್‌ಸಿಸ್ ಕಂಪನಿಯ ಒಂದು ರೌಟರಿನ ಮೂಲ ಸಾಲುಗಳು ೨೦೦೩ರಲ್ಲಿ ಹೊರಬಂದುದರಿಂದ ೨೦೦೪ರಲ್ಲಿ 'ಓಪನ್‌ಡಬ್ಲ್ಯುಆರ್‌ಟಿ' ಎಂಬ ಯೋಜನೆ ಹುಟ್ಟಿ, ತಯಾರಕರು ಮರೆತ ಎಷ್ಟೋ ಪೆಟ್ಟಿಗೆಗಳಿಗೆ ಮರುಜೀವ ಕೊಟ್ಟಿತು. ಅಲ್ಲಿಯೂ ಪಟ್ಟಿಗಳದ್ದು ಮೂರು ಅಂತಸ್ತು: ಎಲ್ಲರಿಗೂ ಒಂದು, ಕುಟುಂಬಕ್ಕೆ ಒಂದು, ಉಪಕುಟುಂಬಕ್ಕೆ ಒಂದು. ಮೇಲಿನದಕ್ಕೂ ಕೆಳಗಿನದಕ್ಕೂ ವಿರೋಧ ಬಂದರೆ ಕೆಳಗಿನದರ ಮಾತು ನಡೆಯುತ್ತದೆ.

ಜಗಳ ಪೂರ್ತಿ ತೀರಿತೆಂದಲ್ಲ. ಇಂದು ಪಟ್ಟಿಗಳನ್ನು ತುಂಡುತುಂಡಾಗಿ ಬರೆದು ಕೂಡಿಸುವ ರೂಢಿಯಿದೆ. ಒಂದು ತುಂಡಿನ ಮಾತನ್ನು ಇನ್ನೊಂದು ಬದಲಿಸಿದರೆ, ಲಿನಕ್ಸಿನ ಕೂಡಿಸುವ ಸಾಧನ ಹಳೆಯ ಬೆಲೆ ಇದು, ಹೊಸದು ಇದು ಎಂದು ತಿಳಿಸಿ, ಕೊನೆಗೆ ಬಂದವನ ಮಾತನ್ನೇ ಎತ್ತಿಹಿಡಿಯುತ್ತದೆ. ಸಾವಿರಾರು ಸಾಲುಗಳ ನಡುವೆ ಆ ಎಚ್ಚರಿಕೆಯನ್ನು ಓದುವ ಕಣ್ಣು ಮಾತ್ರ ಮನುಷ್ಯನದೇ ಆಗಬೇಕು. ಅದಕ್ಕಾಗಿಯೇ ಅನುಭವಸ್ಥರು, ತಾವು ಕೇಳಿದ ಪಟ್ಟಿಯನ್ನೂ ಕೊನೆಗೆ ಸಿದ್ಧವಾದ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡದೆ ಯಂತ್ರಕ್ಕೆ ಇಳಿಸುವುದಿಲ್ಲ.

ಎಲ್ಲರಿಗೂ ಸಮಾನವಾದುದನ್ನು ಎಲ್ಲರ ಪಾಲಿಗೆ ಬಿಟ್ಟು, ತನ್ನದೇ ಆದುದನ್ನು ಮಾತ್ರ ಸ್ಪಷ್ಟವಾಗಿ ಬರೆದಿಡುವುದು: ಇಷ್ಟನ್ನು ಕಲಿಯಲು ಲಿನಕ್ಸಿನವರಿಗೆ ಇಪ್ಪತ್ತು ವರ್ಷ ಬೇಕಾಯಿತು. ಪರಊರಿನ ರೀತಿನೀತಿಗಳಿಗೆ ಹೊಂದಿಕೊಂಡೂ ಮನೆಯೊಳಗೆ ನಮ್ಮದೆಂಬ ನಾಲ್ಕು ಸಾಲನ್ನು ಅಳಿಸಗೊಡದೆ ಕಾಪಾಡಿಕೊಂಡು ಬಂದಿರುವ ನಮಗೆ ಈ ಪಾಠ ತೀರ ಹೊಸದೆನಿಸಲಾರದು.