ಲಗ್ನದ ಫೋಟೋ ಮತ್ತು ಗಡಿಯಾಚೆಯ ತವರು



ನಮ್ಮ ಗಡಿನಾಡಿನ ಹಳೆಯ ಮನೆಗಳ ಪಡಸಾಲೆಯಲ್ಲಿ ದೇವರ ಪಟಗಳ ಸಾಲಿಗೇ ಒಂದು ಲಗ್ನದ ಫೋಟೋ ತೂಗುಹಾಕಿರುತ್ತಾರೆ. ಯಾರಾದರೂ ಬಂದು ಕೇಳಿದರೆ, ರುಮಾಲು ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತವರನ್ನು ತೋರಿಸಿ "ಇವರು ನಮ್ಮ ಮುತ್ಯಾ" ಎನ್ನುತ್ತೇವೆ. ಪಕ್ಕದಲ್ಲಿರುವ ಪುಟ್ಟ ಹುಡುಗಿ "ನಮ್ಮ ಆಯಿ". ಆಯಿಯ ಹೆಸರೇನು, ತವರು ಯಾವ ಊರು, ಆಕೆಯ ಹಿಂದೆ ನಿಂತ ಹೆಣ್ಣುಮಗಳು ಯಾರು ಎಂದು ಮತ್ತೆ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಂತ ಮಾತನ್ನು ಮುಂದಕ್ಕೆ ನಡೆಸುವುದು ಹೇಗೆ ಎಂಬುದೇ ಇವತ್ತಿನ ವಿಷಯ. ಗಡಿಯಲ್ಲಿರುವ ನಮಗೆ ಇದು ಬರೀ ಕುತೂಹಲದ ವಿಷಯವೇನಲ್ಲ. ನಮ್ಮ ಮನೆತನದ ಅರ್ಧ ಚರಿತ್ರೆ ತಾಯಂದಿರ ತವರಿನಲ್ಲಿದೆ. ಆ ತವರು ಎಷ್ಟೋ ಸಲ ಇನ್ನೊಂದು ರಾಜ್ಯದಲ್ಲಿದೆ.

ಉದಾಹರಣೆಗೆ ನಮ್ಮ ಮನೆಯದೇ ಒಂದು ಫೋಟೋ ತೆಗೆದುಕೊಳ್ಳೋಣ. ನಮ್ಮದು ದಕ್ಷಿಣ ಸೊಲ್ಲಾಪುರ ತಾಲೂಕಿನ ಒಂದು ಹಳ್ಳಿ. ದಪ್ಪ ರಟ್ಟಿಗೆ ಅಂಟಿಸಿದ ಫೋಟೋ. ರಟ್ಟಿನ ಕೆಳಗೆ ಇಂಗ್ಲಿಷಿನಲ್ಲಿ "ಶೋಲಾಪುರ" ಎಂದು ಒತ್ತಿದ ಅಕ್ಷರಗಳಿವೆ. ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ಊರಿನ ಹೆಸರನ್ನು ಬರೆಯುತ್ತಿದ್ದುದು ಹಾಗೆಯೇ. ಹಿಂದುಗಡೆ ಪರದೆಯ ಬದಲು ಜಮಖಾನೆ ಕಟ್ಟಿದ್ದಾರೆ. ಅದರ ಅಂಚಿನಾಚೆ ಮಣ್ಣಿನ ಗೋಡೆ ಕಾಣುತ್ತದೆ. ಅಂದರೆ ಮನೆಯವರು ಪೇಟೆಗೆ ಹೋಗಿ ತೆಗೆಸಿದ್ದಲ್ಲ, ಫೋಟೋದವರೇ ಮೂರು ಕಾಲಿನ ಕ್ಯಾಮರಾ ಹೊತ್ತು ಹಳ್ಳಿಗೆ ಬಂದಿದ್ದರು. ಗಾಜಿನ ಪ್ಲೇಟಿನ ಕಾಲ. ಅಲ್ಲಾಡಿದರೆ ಮುಖ ಕದಡುತ್ತದೆಂದು ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ಒಂದು ಕೂಸು ಮಾತ್ರ ಅಲ್ಲಾಡಿದೆ, ಅದರ ಮುಖ ಮಸುಕಾಗಿದೆ.

ರಟ್ಟಿನ ಬೆನ್ನಿಗೆ ಎರಡು ಸಾಲಿನ ಬರಹವಿತ್ತು. ಮನೆಯಲ್ಲಿ ಕನ್ನಡ ಬಲ್ಲವರಿಗೂ ಮರಾಠಿ ಬಲ್ಲವರಿಗೂ ಅದು ಓದಲು ಬರಲಿಲ್ಲ. ಏಕೆಂದರೆ ಅದು ಮೋಡಿ. ನಮ್ಮ ಕಡೆಯ ಕುಲಕರ್ಣಿಗಳ ದಫ್ತರ, ಸಾಲದ ರೋಖೆ, ವಾಟಣಿ ಪತ್ರ ಎಲ್ಲ ಮೋಡಿಯಲ್ಲೇ ಇರುತ್ತಿದ್ದವು. ಮನೆಯಲ್ಲಿ ಕನ್ನಡ ಆಡುವವರ ಕಾಗದವೂ ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಹುಟ್ಟುತ್ತಿತ್ತು. 1950ರ ಸುಮಾರಿಗೆ ಶಾಲೆಗಳಲ್ಲಿ ಮೋಡಿ ಕಲಿಸುವುದು ನಿಂತಿತು. ಅಲ್ಲಿಂದ ಮುಂದೆ ಮೊಮ್ಮಕ್ಕಳು ಮುತ್ಯಾನ ಬರಹದ ಮುಂದೆ ಅಕ್ಷರ ಬಾರದವರಂತಾದರು. ಆದರೂ ದಾರಿ ಮುಚ್ಚಿಲ್ಲ. ಮಹಾರಾಷ್ಟ್ರದ ಪುರಾಭಿಲೇಖ ಇಲಾಖೆ ಮೋಡಿ ಕಲಿಸುವ ವರ್ಗಗಳನ್ನು ನಡೆಸಿದೆ. ಅಂಥ ವರ್ಗದಲ್ಲಿ ಕಲಿತವರೊಬ್ಬರು ನಮ್ಮ ಎರಡು ಸಾಲನ್ನು ಓದಿಕೊಟ್ಟರು. "ಶಕೆ 1851, ಶುಕ್ಲನಾಮ ಸಂವತ್ಸರ, ಫಾಲ್ಗುಣ ಶುದ್ಧ ಪಂಚಮಿ" ಎಂದು ತಿಥಿ. ಅದರ ಕೆಳಗೆ ಕುರ್ಚಿಯಲ್ಲಿ ಕುಳಿತ ನಾಲ್ವರು ಗಂಡಸರ ಹೆಸರು. ಮದುಮಗಳ ಹೆಸರಿಲ್ಲ.

ಶಕೆಗೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿಯಾದರೆ ಸಾಮಾನ್ಯವಾಗಿ ಇನ್ನೊಂದು ವರ್ಷ ಸೇರಿಸಬೇಕು. ಹಾಗೆ ನೋಡಿದರೆ ಈ ಲಗ್ನ 1930ರ ಮಾರ್ಚ್ ತಿಂಗಳ ಮೊದಲ ವಾರದ್ದು. ಸಂವತ್ಸರದ ಹೆಸರಿನಿಂದ ತಾಳೆ ನೋಡಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಪ್ರಭವ ಬಂದದ್ದು 1927ರ ಯುಗಾದಿಗೆ, ಮತ್ತೆ ಬಂದದ್ದು 1987ಕ್ಕೆ. ಪ್ರಭವದಿಂದ ಮೂರನೆಯದು ಶುಕ್ಲ. ಲೆಕ್ಕ ಸರಿಹೋಗುತ್ತದೆ.

ಆ ತಿಂಗಳಿಗೂ ಒಂದು ಚರಿತ್ರೆ ಇದೆ. ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆ 1929ರಲ್ಲಿ ಆಗಿ, 1930ರ ಏಪ್ರಿಲ್ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂತು. ಹುಡುಗಿಗೆ 14, ಹುಡುಗನಿಗೆ 18 ತುಂಬಿರಬೇಕು ಎಂದು ಅದರ ನಿಯಮ. ಕಾಯಿದೆ ಬರುವ ಮೊದಲೇ ಮುಗಿಸಿಬಿಡೋಣ ಎಂದು ದೇಶದ ತುಂಬ ಅವಸರದ ಲಗ್ನಗಳು ನಡೆದವು. 1931ರ ಜನಗಣತಿಯಲ್ಲಿ, ಹದಿನೈದು ವರ್ಷದೊಳಗೇ ಲಗ್ನವಾದ ಹುಡುಗಿಯರ ಸಂಖ್ಯೆ ಹಿಂದಿನ ಗಣತಿಗಿಂತ ಬಹಳ ಏರಿದ್ದು ಕಂಡುಬಂತು. ಸಂಸ್ಥಾನಗಳಿಗೆ ಆ ಕಾಯಿದೆ ತಾಗುತ್ತಿರಲಿಲ್ಲ, ಹೀಗಾಗಿ ಗಡಿ ದಾಟಿ ಲಗ್ನ ಮಾಡಿಬಂದವರೂ ಇದ್ದರು. ನಮ್ಮ ಫೋಟೋದ ಹುಡುಗಿಗೆ ಹನ್ನೊಂದೋ ಹನ್ನೆರಡೋ ಇರಬೇಕು. ಏಪ್ರಿಲ್ ಒಂದಕ್ಕೆ ಇನ್ನು ನಾಲ್ಕು ವಾರ ಇರುವಾಗ ಅಕ್ಕಿಕಾಳು ಬಿದ್ದಿವೆ. ನಮ್ಮ ಆಯಿ ಬಹಳ ಚಿಕ್ಕವಳಿದ್ದಾಗಲೇ ಬಂದಳಂತೆ ಎಂದು ಮನೆಯಲ್ಲಿ ಹೇಳುತ್ತಿದ್ದ ಮಾತಿನ ಅರ್ಥ ತಿಥಿ ಓದಿದ ಮೇಲೆ ತಿಳಿಯಿತು.

ತಿಥಿಯೇ ಬರೆಯದ ಫೋಟೋ ಇದ್ದರೆ ಹಿರಿಯರ ನೆನಪನ್ನೇ ಪಂಚಾಂಗ ಮಾಡಿಕೊಳ್ಳಬೇಕು. ಇಸವಿ ಕೇಳಿದರೆ ಅವರು ಹೇಳಲಾರರು. "ಮಾರ್ಷಲ್ ಲಾ ಆದಾಗ ಲಗ್ನ ಆಗಿತ್ತೋ ಇಲ್ಲವೋ?" ಎಂದು ಕೇಳಿದರೆ ಹೇಳುತ್ತಾರೆ. ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಹೇರಿದ್ದು 1930ರ ಮೇ ತಿಂಗಳಲ್ಲಿ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಗಲ್ಲಿಗೇರಿಸಿದ್ದು 1931ರ ಜನವರಿ 12ರಂದು. ನಿಜಾಮರ ಸೀಮೆಯವರಾದರೆ 1948ರ ಪೊಲೀಸ್ ಕಾರ್ಯಾಚರಣೆಯ ಹಿಂದೋ ಮುಂದೋ ಎಂದು ಕೇಳಿ. ಬಳ್ಳಾರಿ ಜಿಲ್ಲೆಯಿಂದ ಬೇರೆಯಾದ ಆದವಾನಿ, ರಾಯದುರ್ಗದವರಿಗೆ 1953ರ ಅಕ್ಟೋಬರ್ 1 ಒಂದು ಗುರುತಿನ ಕಲ್ಲು. ಕಾಸರಗೋಡಿನವರಿಗೆ 1956ರ ನವೆಂಬರ್ 1.

ಇನ್ನು ಆಯಿಯ ಹೆಸರು. ಮೊದಲು ಹೆಳವರನ್ನು ಕೇಳಿದೆವು. ಎತ್ತು ಹೊಡೆದುಕೊಂಡು ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ನಮ್ಮ ಸೀಮೆಯ ನಡೆದಾಡುವ ದಫ್ತರ. ನಮ್ಮ ಮನೆತನದ ಏಳು ತಲೆಮಾರಿನ ಗಂಡುಮಕ್ಕಳನ್ನು ತಡೆಯಿಲ್ಲದೆ ಹೇಳಿದರು. ಆ ಸಾಲಿನಲ್ಲಿ ಸೊಸೆಯಂದಿರಿಲ್ಲ. ತಲಾಠಿ ಕಚೇರಿಯ ಸಾತ್-ಬಾರಾ ಉತಾರಾ ನೋಡಿದೆವು. ಹೊಲ ಯಾರಿಂದ ಯಾರಿಗೆ ಬಂತು ಎಂಬುದಕ್ಕೆ ಹಳೆಯ ಫೇರಫಾರ ಬಲು ಒಳ್ಳೆಯ ಆಧಾರ. ಅಲ್ಲಿ ಆಯಿ ಕಾಣಿಸುವುದು ಮುತ್ಯಾ ತೀರಿಕೊಂಡ ಮೇಲೆ, ವಾರಸುದಾರರ ಸಾಲಿನಲ್ಲಿ, ಗಂಡನ ಮನೆಯಲ್ಲಿಟ್ಟ ಹೆಸರಿನಿಂದ. ಲಗ್ನವಾದ ಮೇಲೆ ಸೊಸೆಗೆ ಬೇರೆ ಹೆಸರು ಇಡುವ ರೂಢಿ ನಮ್ಮ ಕಡೆಯ ಕೆಲವು ಮನೆತನಗಳಲ್ಲಿತ್ತು. ಹುಟ್ಟಿದ ಹೆಸರು ತವರಿನಲ್ಲೇ ಉಳಿಯುತ್ತಿತ್ತು.

ಕಚೇರಿ ಹೇಳದ್ದನ್ನು ಅಡುಗೆಮನೆ ಹೇಳಿತು. ನಮ್ಮಲ್ಲಿ ಮಗಳಿಗೆ ಕೊಡುವ ಪಾತ್ರೆಯ ಮೇಲೆ ಹೆಸರು ಕೊರೆಸಿ ಕೊಡುತ್ತಾರೆ. ಅಟ್ಟದ ಮೇಲಿದ್ದ ಒಂದು ತಾಮ್ರದ ಕೊಡವನ್ನು ಹುಣಸೆಹಣ್ಣಿನಿಂದ ತಿಕ್ಕಿದಾಗ ಕಂಠದ ಸುತ್ತ ಚುಕ್ಕಿಚುಕ್ಕಿಯ ಅಕ್ಷರ ಎದ್ದವು. ಅವು ಕನ್ನಡ ಅಕ್ಷರಗಳು. ಕೊಟ್ಟವರ ಹೆಸರು, ಮಗಳ ಹೆಸರು, ಊರಿನ ಹೆಸರಿನ ಅರ್ಧ. ಉಳಿದರ್ಧ ನೆಗ್ಗಿಹೋಗಿತ್ತು. ಅದನ್ನು ತುಂಬಿಕೊಟ್ಟವರು ತೊಂಬತ್ತರ ಹತ್ತಿರದ ನಮ್ಮ ಅತ್ತಿ, ಇಂಡಿ ತಾಲೂಕಿಗೆ ಕೊಟ್ಟವರು. ಅವರಿಗೆ ಊರಿನ ಹೆಸರು ನೇರವಾಗಿ ನೆನಪಿರಲಿಲ್ಲ. ಆದರೆ ತಾಯಿ ಹೇಳುತ್ತಿದ್ದ ಒಡಪು ನೆನಪಿತ್ತು. ಗಂಡನ ಹೆಸರು ಹೇಳಬೇಕಾದಾಗ ಹೆಂಗಸರು ಪ್ರಾಸ ಕೂಡಿಸಿ ಒಡಪು ಕಟ್ಟುತ್ತಾರಲ್ಲ, ಅದರ ಮೊದಲ ಸಾಲಿನಲ್ಲಿ ತವರೂರು, ಕೊನೆಯ ಸಾಲಿನಲ್ಲಿ ಗಂಡನ ಹೆಸರು. ಅತ್ತಿ ಒಡಪು ಹೇಳುತ್ತ ಹೋದಂತೆ ಊರು ತಾನಾಗಿ ಬಾಯಿಗೆ ಬಂತು. ಆಳಂದ ತಾಲೂಕಿನ ಒಂದು ಹಳ್ಳಿ.

1930ರಲ್ಲಿ ಆಳಂದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಎರಡು ದಿನದ ಚಕ್ಕಡಿ ಹಾದಿ. ನಡುವೆ ಕರೋಡಗಿರಿಯವರು ಸುಂಕ ಕೇಳುತ್ತಿದ್ದರು. ಅಲ್ಲಿಯದು ಹಾಲಿ ರೂಪಾಯಿ, ಇಲ್ಲಿಯದು ಕಲ್ದಾರ. ಆರು ಕಲ್ದಾರಕ್ಕೆ ಹೆಚ್ಚುಕಡಿಮೆ ಏಳು ಹಾಲಿ. ದಫ್ತರ ಇಲ್ಲಿ ಮೋಡಿಯಲ್ಲಿ, ಅಲ್ಲಿ ಉರ್ದುವಿನಲ್ಲಿ. ಕಾಲದ ಲೆಕ್ಕ ಇಲ್ಲಿ ಶಕೆ, ಅಲ್ಲಿ ಫಸಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ತಿಂಗಳ ಮೇಲೆ ಒಂದು ವರ್ಷ ಮುಂದಾಗಬಹುದು. ನಮ್ಮ ಲಗ್ನ ಅವರ ಕಡೆ ಫಸಲಿ 1339. ಇಷ್ಟೆಲ್ಲ ಬೇರೆಯಾಗಿದ್ದರೂ ಎರಡೂ ಮನೆಯ ಮಾತು ಕನ್ನಡ. ಹುಡುಗಿ ಬೇರೆ ಸಂಸ್ಥಾನದವಳು ಎಂದು ಬೀಗರು ಯೋಚಿಸಿದ ಕುರುಹು ಎಲ್ಲೂ ಇಲ್ಲ. ಅವರು ನೋಡಿದ್ದು ಮನೆತನವನ್ನು.

ಆಳಂದ ಕಡೆಯ ಆ ಹಳ್ಳಿಯಲ್ಲಿ 1954-55ರ ಖಾಸ್ರಾ ಪಹಣಿ ಹುಡುಕಿದಾಗ, ಕೊಡದ ಮೇಲೆ ಹೆಸರಿದ್ದವರ ಮಗ, ಅಂದರೆ ಆಯಿಯ ಅಣ್ಣ, ಪಟ್ಟೇದಾರನಾಗಿ ಸಿಕ್ಕ. ಅವನ ಮೊಮ್ಮಕ್ಕಳು ಈಗಲೂ ಅದೇ ಹೊಲ ಉಳುತ್ತಾರೆ. ಅವರ ಮನೆಯಲ್ಲಿ ನಮಗೆ ಗೊತ್ತಿಲ್ಲದ ಒಂದು ಮಾತು ಉಳಿದಿತ್ತು. 1948ರಲ್ಲಿ ರಜಾಕಾರರ ಹಾವಳಿ ಹೆಚ್ಚಾದಾಗ, ಆ ಸೀಮೆಯ ಎಷ್ಟೋ ಜನರಂತೆ ಅವರೂ ಸೊಲ್ಲಾಪುರ ಜಿಲ್ಲೆಗೆ ದಾಟಿ ಬಂದಿದ್ದರು. "ಮಗಳ ಮನೆಯಲ್ಲಿ ನಾಲ್ಕು ತಿಂಗಳು ಉಂಡೆವು" ಎಂದು ಅವರ ಹಿರಿಯರು ಹೇಳುತ್ತಿದ್ದರಂತೆ. ಹನ್ನೊಂದು ವರ್ಷದ ಹುಡುಗಿಯಾಗಿ ಗಡಿ ದಾಟಿ ಬಂದವಳು, ಹದಿನೆಂಟು ವರ್ಷದ ಮೇಲೆ ತನ್ನ ತವರಿಗೆಲ್ಲ ಆಸರೆಯಾಗಿದ್ದಳು. ಫೋಟೋದ ಬೆನ್ನಿಗೆ ಹೆಸರು ಬರೆಯುವಾಗ ಬಿಟ್ಟುಹೋದದ್ದು ಇವಳದೇ.

ಮುಂದಿನದು ನಿಮಗೆ ಗೊತ್ತು. 1956ರ ನವೆಂಬರ್ 1ರಂದು ಹೈದರಾಬಾದ್ ಮೂರು ಪಾಲಾಗಿ ಆಳಂದ ಮೈಸೂರು ರಾಜ್ಯಕ್ಕೆ ಹೋಯಿತು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರಕ್ಕೆ ಸೇರಿತು. 1948ರಲ್ಲಿ ಸಂಸ್ಥಾನಗಳು ವಿಲೀನವಾದಾಗ ಅಕ್ಕಲಕೋಟೆ ಸೊಲ್ಲಾಪುರದ ಕಡೆಗೆ ಬಂತು. ಜತ್ತ ದಕ್ಷಿಣ ಸಾತಾರಾಕ್ಕೆ ಸೇರಿತು, ಆ ಜಿಲ್ಲೆಗೇ 1960ರಲ್ಲಿ ಸಾಂಗ್ಲಿ ಎಂಬ ಹೆಸರಾಯಿತು. ಮಕ್ಕಳ ಶಾಲೆ ಬೇರೆಯಾಯಿತು, ಬಸ್ಸಿನ ಫಲಕದ ಲಿಪಿ ಬೇರೆಯಾಯಿತು, ಹೆಣ್ಣು ತರುವುದೂ ಕೊಡುವುದೂ ಕಡಿಮೆಯಾಯಿತು. ಆಯಿ ಇರುವತನಕ ಪಂಚಮಿಗೆ ತವರಿನಿಂದ ಅಣ್ಣ ಬರುತ್ತಿದ್ದ. ಆಕೆ ಹೋದ ಮೇಲೆ ಹಾದಿ ಮುಚ್ಚಿತು. ಗಡಿಯನ್ನು ಸರ್ಕಾರ ಹಾಕಿದ್ದು ನಿಜ. ಬಳಕೆ ನಿಂತದ್ದಕ್ಕೆ ಇನ್ನೂ ಒಂದು ಕಾರಣವಿದೆ: ಆಕೆಯ ಹೆಸರು ನಮಗೆ ಮರೆತುಹೋಯಿತು.

ಜಾತಿ ಪ್ರಮಾಣಪತ್ರಕ್ಕೆಂದು ನಾವೆಲ್ಲ ಹಳೆಯ ದಾಖಲೆ ಹುಡುಕುತ್ತೇವೆ. ಮಹಾರಾಷ್ಟ್ರದಲ್ಲಿ ಇತರ ಹಿಂದುಳಿದ ವರ್ಗದವರು 1967ರ ಅಕ್ಟೋಬರ್ 13ಕ್ಕಿಂತ ಹಿಂದಿನ ಆಧಾರ ಕೊಡಬೇಕೆಂದು ಮುತ್ಯಾನ ಶಾಲೆಯ ರಜಿಸ್ಟರ್ ತೆಗೆಸುತ್ತೇವೆ. ಕಚೇರಿಗೆ ತಂದೆಯ ಸಾಲು ಸಾಕು. ನೆಂಟಸ್ತಿಕೆ ಉಳಿಯಬೇಕಾದರೆ ತಾಯಿಯ ಸಾಲೂ ಬೇಕು. ಕಾಸರಗೋಡಿನ ಅಳಿಯಕಟ್ಟಿನ ಮನೆಗಳವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಮನೆತನವೇ ತಾಯಿಯ ಕಡೆಯಿಂದ ನಡೆಯುತ್ತಿತ್ತು, ಸೋದರಮಾವನೇ ಯಜಮಾನ.

ಬಂಧುಗಳೆ, ಈ ತಿಂಗಳಲ್ಲೇ ಮಾಡಬಹುದಾದ ಕೆಲಸ ಇಷ್ಟು. ಗೋಡೆಯ ಫೋಟೋ ಇಳಿಸಿರಿ. ಗಾಜಿಗೆ ಅಂಟಿದ್ದರೆ ಕೀಳಬೇಡಿ, ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ಒಂದು ಪ್ರತಿ ತೆಗೆಯಿರಿ. ಬೆನ್ನಿನ ಬರಹದ ಪ್ರತಿಯನ್ನೂ ತೆಗೆಯಿರಿ. ಮನೆಯ ಅತ್ಯಂತ ಹಿರಿಯ ಹೆಣ್ಣುಮಗಳ ಬಳಿ, ಮಗಳ ಮನೆಗಾದರೂ ಸರಿ, ಫೋಟೋ ಒಯ್ದು ಎಡದಿಂದ ಒಬ್ಬೊಬ್ಬರನ್ನೇ ಕೇಳಿರಿ. ಹೆಸರು ನೆನಪಾಗದಿದ್ದರೆ ಒಡಪು ಕೇಳಿರಿ, ಪಾತ್ರೆ ತೋರಿಸಿರಿ. ಪ್ರತಿ ಹೆಣ್ಣುಮಗಳಿಗೂ ಮೂರು ಮಾತು ಬರೆದುಕೊಳ್ಳಿರಿ: ಹುಟ್ಟಿದ ಹೆಸರು, ಗಂಡನ ಮನೆಯ ಹೆಸರು, ತವರೂರು. ಫೋಟೋದ ಬೆನ್ನಿಗೆ ಮೆದುವಾದ ಪೆನ್ಸಿಲಿನಿಂದ ಒತ್ತದೆ ಬರೆಯಿರಿ. ಪೆನ್ನಿನ ಶಾಯಿ ಮುಂದುಗಡೆಗೆ ಮೂಡುತ್ತದೆ. ಮನೆಯ ಮಕ್ಕಳಿಗೆ ಯಾವ ಲಿಪಿ ಬರುತ್ತದೆಯೋ ಆ ಲಿಪಿಯಲ್ಲೂ ಕನ್ನಡದಲ್ಲೂ, ಎರಡರಲ್ಲೂ ಬರೆಯಿರಿ. ಮೋಡಿಯಲ್ಲಿ ಮಾತ್ರ ಬರೆದಿಟ್ಟವರ ಮೊಮ್ಮಕ್ಕಳು ಪಟ್ಟ ಪಾಡನ್ನು ನಿಮ್ಮ ಮೊಮ್ಮಕ್ಕಳು ಪಡಬಾರದು.

ಆಮೇಲೆ ಆ ತವರೂರಿಗೆ ಒಂದು ಸಲ ಹೋಗಿ ಬನ್ನಿರಿ. ಅಲ್ಲಿಯ ಗೋಡೆಯ ಮೇಲೂ ಒಂದು ಫೋಟೋ ಇರಬಹುದು. ಅದರ ಬೆನ್ನಿಗೆ ನಿಮ್ಮ ಊರಿನ ಹೆಸರು ಬರೆದಿರಬಹುದು.