ಆಮ್ಲೆಟ್ಟಿನ ಎರಡು ಮನೆತನಗಳು

ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ‘ತರಕಾರಿ ಆಮ್ಲೆಟ್’ ಎಂಬ ಒಂದೇ ಹೆಸರು ಎರಡು ತಿನಿಸುಗಳಿಗೆ ಸಲ್ಲುತ್ತದೆ. ಒಂದರಲ್ಲಿ ಮೊಟ್ಟೆಯುಂಟು, ಇನ್ನೊಂದರಲ್ಲಿ ಅದರ ಸ್ಥಾನದಲ್ಲಿ ಕಡಲೆಹಿಟ್ಟಿದೆ. ಇವೆರಡರಲ್ಲಿ ಯಾವುದು ‘ನಮ್ಮದು’ ಎಂಬ ವಾದ ಆಗಾಗ ಏಳುವುದರಿಂದ ಇವುಗಳ ಚರಿತ್ರೆಯನ್ನು ಅವಲೋಕಿಸುವುದು ಉಚಿತ.

ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿದನು. ಜೈನ ಕವಿಯ ಆ ಪಾಕಶಾಲೆಯಲ್ಲಿ ಬದನೆಗೆ ವಿಶೇಷ ಮನ್ನಣೆ, ಮೊಟ್ಟೆಗೆ ಪ್ರವೇಶವಿಲ್ಲ. ಆದರೆ ಹಸಿಮೆಣಸಿನಕಾಯಿ, ಟೊಮೇಟೊ, ದೊಣ್ಣೆಮೆಣಸಿನಕಾಯಿಗಳೂ ಅಲ್ಲಿಲ್ಲ. ಅವು ಅಮೆರಿಕ ಖಂಡದಿಂದ ಹೊರಟು ಯುರೋಪಿಯನ್ನರ ಹಡಗುಗಳ ಮೂಲಕ ತರುವಾಯ ಇಲ್ಲಿಗೆ ಬಂದವು. ಹೀಗಾಗಿ ನಾವು ‘ಶುದ್ಧ ನಮ್ಮದು’ ಎನ್ನುವ ಕಡಲೆಹಿಟ್ಟಿನ ಟೊಮೇಟೊ ಆಮ್ಲೆಟ್ಟನ್ನು ಮಂಗರಸನು ಕಂಡಿದ್ದರೆ ಬೆರಗಾಗುತ್ತಿದ್ದನು.

ಮೊಟ್ಟೆಯ ಆಮ್ಲೆಟ್ಟು, ಹೆಸರೇ ಹೇಳುವಂತೆ, ಫ್ರೆಂಚ್ ಮೂಲದ್ದು. ಮದ್ರಾಸ್ ಸೇನೆಯ ಅಧಿಕಾರಿ ಕೆನ್ನಿ-ಹರ್ಬರ್ಟ್ ‘ವೈವರ್ನ್’ ಎಂಬ ಕಾವ್ಯನಾಮದಲ್ಲಿ ಬರೆದ ‘ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್’ 1878ರಲ್ಲಿ ಈ ನಗರದಲ್ಲೇ ಪ್ರಕಟವಾಯಿತು. ದೊರೆಗಳ ಬಂಗಲೆಯ ಅಡುಗೆಯವರಿಗೆ ಪಾಶ್ಚಾತ್ಯ ಪಾಕವನ್ನು ಕಲಿಸುವುದು ಅದರ ಉದ್ದೇಶ. ಬಂಗಲೆಯಿಂದ ಹೊರಬಿದ್ದ ಆಮ್ಲೆಟ್ಟು ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪುಗಳನ್ನು ಸೇರಿಸಿಕೊಂಡು ಮಿಲಿಟರಿ ಹೋಟೆಲುಗಳಲ್ಲಿ ನೆಲೆಯೂರಿತು. ಇತ್ತ ಕಡಂದಲೆ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಮುಂತಾದ ಉಡುಪಿ ಹೋಟೆಲುಗಳು ಸಸ್ಯಾಹಾರದ ರುಚಿಯನ್ನು ಊರಿಗೆಲ್ಲ ಹಂಚಿದವು. ಮದರಾಸಿಗರ ಮನಸ್ಸಿನಲ್ಲಿ ‘ಕನ್ನಡದವರ ಊಟ’ವೆಂದರೆ ಸಸ್ಯಾಹಾರ ಎಂಬ ಭಾವನೆ ಬೇರೂರಲು ಇದೂ ಒಂದು ಕಾರಣವಾಗಿರಬೇಕು. ಮೊಟ್ಟೆ, ಮೀನು, ಮಾಂಸಗಳನ್ನು ಉಣ್ಣುವ ಅಸಂಖ್ಯ ಕನ್ನಡಿಗರು ಆ ಚಿತ್ರದಲ್ಲಿ ಕಾಣಿಸಲಿಲ್ಲ.

ಈ ವಿಚಾರ ನಾಲಗೆಯ ರುಚಿಗೆ ಮಾತ್ರ ಸೀಮಿತವಾದುದಲ್ಲ. ತಮಿಳುನಾಡಿನಲ್ಲಿ 1982ರಲ್ಲಿ ವಿಸ್ತಾರಗೊಂಡ ಮಧ್ಯಾಹ್ನದ ಪೌಷ್ಟಿಕ ಊಟಕ್ಕೆ 1989ರಲ್ಲಿ ಮೊಟ್ಟೆ ಸೇರಿತು. ಕರ್ನಾಟಕದಲ್ಲಿ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕವೇ ಮೊದಲಾದೆಡೆ ಶಾಲಾಮಕ್ಕಳಿಗೆ ಬೇಯಿಸಿದ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಎಂದು ನಿಶ್ಚಯವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಪರಂಪರೆಯ ಹೆಸರಿನಲ್ಲಿ ಹಸಿದ ಮಗುವಿನ ತಟ್ಟೆಯನ್ನು ತಡೆಯುವ ಮೊದಲು, ಆ ಪರಂಪರೆ ಎಷ್ಟು ಬಾರಿ ಹೊಸದನ್ನು ಬರಮಾಡಿಕೊಂಡಿದೆ ಎಂಬುದನ್ನು ನಾವು ನೆನೆಯಬೇಕು.

ಮಾಡುವ ಕ್ರಮದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ಈರುಳ್ಳಿ, ತುರಿದ ಕ್ಯಾರೆಟ್, ದೊಣ್ಣೆಮೆಣಸಿನಕಾಯಿಗಳನ್ನು ಮೊದಲು ಬಾಡಿಸಿ ನೀರಿನಂಶವನ್ನು ಆರಿಸಬೇಕು. ಇಲ್ಲವಾದರೆ ಮೊಟ್ಟೆ ಗಟ್ಟಿಯಾಗುವಾಗ ನೀರು ಒಸರಿ ಆಮ್ಲೆಟ್ಟು ಹರಿಯುತ್ತದೆ. ಇಬ್ಬರಿಗೆ ಮೂರು ಮೊಟ್ಟೆ, ಉಪ್ಪು, ಚಿಟಿಕೆ ಕಾಳುಮೆಣಸಿನ ಪುಡಿ, ಹದವಾದ ಉರಿ ಸಾಕು. ಕಡಲೆಹಿಟ್ಟಿನದಾದರೆ ದೋಸೆಯ ಹದಕ್ಕೆ ಕಲಸಿ, ಮುಚ್ಚಳವಿಟ್ಟು ಬೇಯಿಸಿ ಮಗುಚಬೇಕು. ಇಬ್ಬಗೆಯ ಉಣ್ಣುವವರಿರುವ ಮನೆಗಳಲ್ಲಿ ಕಡಲೆಹಿಟ್ಟಿನದನ್ನು ಮೊದಲು ಹುಯ್ದು, ಬಳಿಕ ಅದೇ ಕಾವಲಿಯಲ್ಲಿ ಮೊಟ್ಟೆಯದನ್ನು ಮಾಡುವ ರೂಢಿಯಿದೆ. ಅಲ್ಲಿ ಯಾರೂ ಯಾರ ತಟ್ಟೆಯನ್ನೂ ಪ್ರಶ್ನಿಸುವುದಿಲ್ಲ.